ಗಡಿಗೆ ತಾರಸಿ

ಮೇಲೂರಿನ ಹಿಂದಿನ ಬೀದಿಯಲ್ಲಿ ಯಾರ ಮನೆಯ ರಾಗಿ ಯಾವತ್ತು ಒಣಗಬೇಕು ಎಂದು ತೀರ್ಮಾನಿಸುವವರು ಪಂಚಾಯಿತಿಯವರಲ್ಲ, ರಾಮಲಕ್ಷ್ಮಮ್ಮ. ಆ ಬೀದಿಗೆಲ್ಲ ಅಗಲವಾದ, ಬಿಸಿಲು ಬೀಳುವ ತಾರಸಿ ಇದ್ದದ್ದು ಆಕೆಯ ಮನೆಗೊಂದೇ. ಉಳಿದವು ಹೆಂಚಿನವು, ಶೀಟಿನವು, ಇಲ್ಲವೇ ತಲೆಯ ಮೇಲೆ ಬಾಡಿಗೆಯವರನ್ನು ಕೂರಿಸಿಕೊಂಡಂಥವು. ಸಂಕ್ರಾಂತಿ ಕಳೆದರೆ ಹುಣಸೆಹಣ್ಣು, ಶಿವರಾತ್ರಿ ಕಳೆದರೆ ಸಂಡಿಗೆ ಹಪ್ಪಳ, ಯುಗಾದಿಗೆ ಮೆಣಸಿನಕಾಯಿ, ಎಲ್ಲವೂ ಆ ಮೆಟ್ಟಿಲು ಹತ್ತಿಯೇ ಆಗಬೇಕು. ಡೈರಿ ಪಕ್ಕದಲ್ಲಿ ಇನ್ನೊಬ್ಬ ರಾಮಲಕ್ಷ್ಮಮ್ಮ ಇದ್ದುದರಿಂದ ಊರಿನವರು ಈಕೆಯನ್ನು ತಾರಸಿ ರಾಮಲಕ್ಷ್ಮಮ್ಮ ಎಂದು ಕರೆಯುತ್ತಿದ್ದರು. ಆಕೆಗೆ ಅದು ಬಿರುದು ಕೊಟ್ಟ ಹಾಗೆ ಕೇಳಿಸುತ್ತಿತ್ತು.

ತಾರಸಿಯ ಮೇಲೆ ಆಕೆಯ ರಾಜ್ಯವಾದರೆ ಕೆಳಗಿನದು ಮಗ ರಮೇಶ್‌ಬಾಬುವಿನದು. ಕೆಳಗೆ ಇದ್ದದ್ದು ಉದ್ದನೆಯ ಹಾಲು, ಅದೇ ರೇಷ್ಮೆಹುಳದ ಮನೆ. ಅವನೂ ಸೊಸೆ ಹರಿತಾಳೂ ಅಲ್ಲಿ ಸಾಲು ಸಾಲು ತಟ್ಟೆಗಳಲ್ಲಿ ಹುಳ ಮೇಯಿಸುತ್ತಿದ್ದರು. ಹುಳವೆಂದರೆ ಬಾಣಂತಿ ಕೋಣೆಯ ಕೂಸಿಗಿಂತ ನಾಜೂಕು. ಚಳಿ ಹೆಚ್ಚಾಗಬಾರದು, ಸೆಕೆಯಂತೂ ಆಗಲೇಬಾರದು. ಬೇಸಿಗೆಯಲ್ಲಿ ಆ ಕಾಂಕ್ರೀಟು ಛಾವಣಿ ಹಗಲೆಲ್ಲ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೆ ಅದನ್ನೆಲ್ಲ ಕೆಳಗಿನ ಹುಳದ ಮೇಲೆ ಕಾರುತ್ತಿತ್ತು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರು, ಫ್ಯಾನು ಹಾಕಿದರು, ಮೇಲೆ ತೆಂಗಿನ ಗರಿ ಹರಡಿದರು. ಆದರೂ ಹೋದ ಬೇಸಿಗೆಯಲ್ಲಿ ಹುಳಕ್ಕೆ ಸಪ್ಪೆ ರೋಗ ಬಡಿಯಿತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳಗಳು ಸೊಪ್ಪು ಮುಟ್ಟದೆ ತಟ್ಟೆಯ ಮೇಲೆ ಮಲಗಿಬಿಟ್ಟವು. ರಮೇಶ್‌ಬಾಬು ಅವನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿಯುವಾಗ ರಾಮಲಕ್ಷ್ಮಮ್ಮನೂ ಪಕ್ಕದಲ್ಲೇ ನಿಂತಿದ್ದರು. ಆ ದಿನ ಮನೆಯಲ್ಲಿ ಯಾರಿಗೂ ಮುದ್ದೆ ಇಳಿಯಲಿಲ್ಲ.

ಈ ವರ್ಷ ಚಳಿ ಬಿಡುತ್ತಿದ್ದ ಹಾಗೆಯೇ ಮಗ ಮಾತು ತೆಗೆದ.

"ಅಮ್ಮ, ತಾರಸಿ ಮೇಲೆ ಶೀಟು ಹಾಕಿಸ್ಬಿಡ್ತೀನಿ. ಶಿಡ್ಲಘಟ್ಟದಲ್ಲಿ ಶೀಟಿನವ್ರನ್ನ ಮಾತಾಡ್ಸಿ ಬಂದಿದೀನಿ."

"ಎಷ್ಟೆತ್ತರಕ್ಕೋ?"

"ಸೊಂಟದೆತ್ತರ ಸಾಕು. ತಾರಸಿಗೆ ಬಿಸಿಲು ಬೀಳ್ದಿದ್ರೆ ಆಯ್ತು."

"ಬಿಸಿಲು ಬೀಳ್ದಿದ್ರೆ ಸಂಡಿಗೇನ ನಿನ್ನ ತಲೆ ಮೇಲೆ ಒಣಗ್ಸಲೇನೋ?"

"ಸಂಡಿಗೆ ಅಂಗಡೀಲಿ ಸಿಗುತ್ತೆ ಕಣಮ್ಮ. ಹುಳ ಸತ್ರೆ ಬೆಳೆ ಯಾವ ಅಂಗಡೀಲಿ ಸಿಗುತ್ತೆ, ಹೇಳು."

ಮಗ ಹೇಳಿದ್ದು ಸರಿ ಎಂಬುದೇ ಆಕೆಯ ಸಂಕಟ. ಸೊಂಟದೆತ್ತರದ ಶೀಟಿನ ಕೆಳಗೆ ಬೆಕ್ಕು ಓಡಾಡಬಹುದು, ಮನುಷ್ಯರಲ್ಲ. ಬೀದಿಯ ಹೆಂಗಸರು ಮೊರ ಹಿಡಿದು ಬೇರೆ ಯಾರದೋ ಬಾಗಿಲಿಗೆ ಹೋಗುವುದನ್ನು, ತಾನು ಬರಿಯ ರಾಮಲಕ್ಷ್ಮಮ್ಮನಾಗಿ ಜಗುಲಿಯಲ್ಲಿ ಕೂತು ನೋಡುವುದನ್ನು ನೆನೆದವರೇ ಬೇರೆ ದಾರಿ ಹುಡುಕತೊಡಗಿದರು.

ಆಕೆಯ ತವರು ವಿದುರಾಶ್ವತ್ಥದ ಕಡೆ. ಅಲ್ಲಿನ ಹಳೇ ಮಾಳಿಗೆ ಮನೆಯ ಮೇಲೆ ಮೊಳ ದಪ್ಪದ ಮಣ್ಣು, ಅದರ ಮೇಲೆ ನೀರು ಇಳಿಯದಂತೆ ಚೌಳು ಮಣ್ಣು ಮೆತ್ತಿರುತ್ತಿದ್ದರು. ಎಂಥ ಬಿಸಿಲಿದ್ದರೂ ಕೆಳಗೆ ತಣ್ಣಗೆ, ಮೇಲೆ ಮಕ್ಕಳ ಕುಂಟೆಬಿಲ್ಲೆ. ಅದೇ ಮಣ್ಣನ್ನು ಇಲ್ಲೂ ಹಾಕಿಸೋಣ ಎಂದು, ಈ ಹಾಲಿನ ಛಾವಣಿ ಕಟ್ಟಿದ ಶಿಡ್ಲಘಟ್ಟದ ಮೇಸ್ತ್ರಿ ದಸ್ತಗಿರ್‌ನನ್ನು ಮಗನಿಗೆ ಹೇಳದೆಯೇ ಕರೆಸಿದರು.

ದಸ್ತಗಿರ್ ದಪ್ಪ ಆಳು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವನು ಕೇಳಿದ್ದೇ ತಲೆ ಮೇಲೆ ಕೈಹೊತ್ತುಕೊಂಡ.

"ಅಷ್ಟು ಮಣ್ಣಾ? ಬೇಡಮ್ಮಾ, ಸ್ಲ್ಯಾಬು ತಡಿಯಲ್ಲ. ಮಳೇಲಿ ನೆಂದ್ರೆ ಇನ್ನೂ ಭಾರ."

"ಹಂಗಂದ್ರೆ ಶೀಟೇ ಗತಿ ಅಂತೀಯೇನಪ್ಪ?"

ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಚಿಕ್ಕಬಳ್ಳಾಪುರದಲ್ಲಿ ಒಂದು ಹಳೇ ಬಂಗ್ಲೆ ರಿಪೇರಿಗೆ ಹೋಗಿದ್ದೆ. ಮೇಲೆ ಒಡೆದು ನೋಡಿದ್ರೆ ಒಳಗೆಲ್ಲ ಮಣ್ಣಿನ ಗಡಿಗೆ, ಸಣ್ಣ ಸಣ್ಣವು. ಬೋರಲು ಜೋಡ್ಸಿ, ಮೇಲೆ ಗಾರೆ ಹಾಕಿದ್ರು. ಗಡಿಗೆ ಒಳಗಿನ ಗಾಳೀನೇ ಬಿಸಿಲು ತಡಿಯುತ್ತೆ. ಭಾರಾನೂ ಕಮ್ಮಿ. ಆದ್ರೆ ಅಮ್ಮಾ, ಸುಳ್ಳು ಹೇಳಲ್ಲ. ನಾನು ನೋಡಿದೀನಿ ಅಷ್ಟೇ, ನನ್ನ ಕೈಯಾರೆ ಹಾಕಿಲ್ಲ."

"ನಾನೂ ಹಾಕ್ಸಿಲ್ಲ. ಇಬ್ರೂ ಕಲಿಯೋಣ ಬಾ," ಎಂದರು ರಾಮಲಕ್ಷ್ಮಮ್ಮ.

ಮಗ ನಕ್ಕ, ರೇಗಿದ, ಕೊನೆಗೆ ಸೋತ. ಹರಿತಾ ಅತ್ತೆಯ ಕಡೆ ವಾಲಿದ್ದೂ ಅದಕ್ಕೊಂದು ಕಾರಣ. ಆದರೆ ಕರಾರು ಹಾಕದೆ ಬಿಡಲಿಲ್ಲ. "ಈ ಬೇಸಿಗೆ ಬೆಳೆ ಒಂದು ನೋಡ್ತೀನಮ್ಮ. ಹುಳದ ಮನೆ ತಣ್ಣಗಿರ್ಬೇಕು, ತಾರಸೀನೂ ದಿನಾ ಉಪಯೋಗಕ್ಕೆ ಬರ್ಬೇಕು. ಎರಡ್ರಲ್ಲಿ ಒಂದು ತಪ್ಪಿದ್ರೂ ಶೀಟು. ಶೀಟಿನವ್ರಿಗೆ ಸ್ವಲ್ಪ ದಿನ ಕಾಯ್ತಿರಿ ಅಂತ ಹೇಳಿರ್ತೀನಿ, ಬೇಡ ಅಂತ ಹೇಳಲ್ಲ."

"ಹೇಳ್ಬೇಡ," ಎಂದರು ತಾಯಿ.

ಗಡಿಗೆಗೆ ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಗೆ ಹೋದರು. ಅಲ್ಲಿನ ಕುಂಬಾರ ಕೋನಪ್ಪ ಒಳ್ಳೆಯ ಕೈ, ಕೆಟ್ಟ ಕೋಪ. ರಾಮಲಕ್ಷ್ಮಮ್ಮ ಒಂದೊಂದೇ ಗಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಗಂಟಿನಿಂದ ತಟ್ಟಿ ಸದ್ದು ಕೇಳುತ್ತ, ಒಡಕು ಸದ್ದಿನವನ್ನು ಪಕ್ಕಕ್ಕಿಡುತ್ತ ಹೋದರು.

"ಏಮಮ್ಮಾ, ಇಷ್ಟೊಂದು? ಮದ್ವೇನಾ?" ಎಂದ ಕೋನಪ್ಪ.

"ತಾರಸಿಗೆ. ಬೋರಲು ಹಾಕಿ ಮೇಲೆ ಗಾರೆ ಮಾಡ್ತೀವಿ."

ಅವನ ಚಕ್ರ ನಿಂತಿತು. "ನಾನು ಮಾಡಿದ ಗಡಿಗೇನ ತುಳೀತೀರಾ?"

"ತುಳಿಯೋದಲ್ಲ ಕಣಪ್ಪ. ನನ್ನ ಮಗ ಸೊಸೆ ಕೆಳಗಿರ್ತಾರೆ, ಗಡಿಗೆ ಮೇಲಿರುತ್ತೆ. ದಿನಾ ತಲೆ ಮೇಲೆ ಹೊತ್ಕೊಂಡ ಹಂಗೆ."

ಕೋನಪ್ಪ ಆ ಮಾತನ್ನು ಅಗಿದು ನೋಡಿದ. ರುಚಿಸಿರಬೇಕು. ಪಕ್ಕಕ್ಕಿಟ್ಟಿದ್ದ ಗಡಿಗೆಗಳ ಬದಲು ತಳ ದಪ್ಪಗಿರುವ ಬೇರೆಯವನ್ನು ಮಾಡಿಕೊಡುತ್ತೇನೆಂದ, ಮಾಡಿಯೂ ಕೊಟ್ಟ.

ಕೆಲಸ ಶುರುವಾದ ಮೇಲೆ ಬೀದಿಗೆ ಬೇರೆ ಟಿ.ವಿ. ಬೇಕಾಗಲಿಲ್ಲ. ದಸ್ತಗಿರ್ ಹಳೇ ತಾರಸಿಯನ್ನು ಉಜ್ಜಿಸಿ ತೊಳೆಸಿದ. ತೆಳ್ಳಗೆ ಗಾರೆ ಹರಡಿ, ಗಡಿಗೆಗಳನ್ನು ಬಾಯಿ ಕೆಳಗೆ ಮಾಡಿ ಸಾಲಾಗಿ ಕೂರಿಸಿದ. ನಡುವಿನ ಸಂದಿಗೆಲ್ಲ ಇಟ್ಟಿಗೆ ಚೂರು, ಸುಣ್ಣದ ಗಾರೆ. ಅದರ ಮೇಲೆ ಇನ್ನೊಂದು ಪದರ ಗಾರೆ ಎಳೆದು, ಮಳೆನೀರು ತೂಬಿನ ಕಡೆ ಹರಿಯುವಂತೆ ಇಳಿಜಾರು ಕೊಟ್ಟ. ಕಟ್ಟಕಡೆಗೆ ಬಿಳಿ ಟೈಲ್ಸಿನ ಚೂರುಗಳನ್ನು ಒತ್ತಿ ಕೂರಿಸಿದ, ಬಿಳಿ ಮೈ ಬಿಸಿಲನ್ನು ಅರ್ಧ ಅಲ್ಲೇ ಹಿಂದಕ್ಕೆ ಕಳಿಸುತ್ತದೆಂದು. ಎರಡು ಸಲ ಇಳಿಜಾರು ತಪ್ಪಿ ಬಿಚ್ಚಿ ಹಾಕಬೇಕಾಯಿತು. ರಾಮಲಕ್ಷ್ಮಮ್ಮ ಬೈಗುಳವನ್ನೂ ಕಾಫಿಯನ್ನೂ ಸಮವಾಗಿ ಕೊಟ್ಟರು. ಗಾರೆ ಗಟ್ಟಿಯಾಗುವವರೆಗೆ ಒದ್ದೆ ಗೋಣಿಚೀಲ ಹೊದಿಸಿ, ದಿನವೂ ತಾವೇ ನೀರು ಹಾಕಿದರು.

ಕೆಲಸ ಮುಗಿದ ದಿನ ಬೀದಿಯವರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ದಸ್ತಗಿರ್ ನಡುತಾರಸಿಯಲ್ಲಿ ನಿಂತು, ತನ್ನಷ್ಟೂ ದಪ್ಪವನ್ನು ಮೇಲಕ್ಕೆತ್ತಿ ಕುಪ್ಪಳಿಸಿದ. ಏನೂ ಆಗಲಿಲ್ಲ. ಹೆಗಲ ಮೇಲೆ ಸಿಮೆಂಟು ಮೂಟೆ ಹೊತ್ತು ಇನ್ನೊಮ್ಮೆ ಕುಪ್ಪಳಿಸಿದ. ಆಗಲೂ ಏನೂ ಆಗಲಿಲ್ಲ, ಅವನಿಗೆ ಕೆಮ್ಮು ಬಂದದ್ದು ಬಿಟ್ಟರೆ.

"ಬನ್ರೇ, ಯಾಕೆ ನಿಂತ್ರಿ?" ಎಂದು ರಾಮಲಕ್ಷ್ಮಮ್ಮ ಕೈಬೀಸಿ ಕರೆದರು.

ಎದುರು ಮನೆಯ ಶ್ಯಾಮಲಮ್ಮ ಒಂದು ಹೆಜ್ಜೆ ಇಟ್ಟು, ತಟ್ಟನೆ ಕಾಲು ಹಿಂದಕ್ಕೆ ತೆಗೆದು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ರಾಗಿಗೋ ಮೊರಕ್ಕೋ ಕಾಲು ತಗುಲಿದರೆ ಎಲ್ಲರೂ ಮಾಡುವಂತೆ.

"ತಪ್ಪು ತಿಳ್ಕೋಬೇಡ ರಾಮಲಕ್ಷ್ಮಕ್ಕ. ಅನ್ನ ಬೇಯೋ ಗಡಿಗೆ. ಅದ್ರ ಮೇಲೆ ಹೆಂಗೆ ಕಾಲಿಡೋದು? ಅದೂ ಬೋರಲು ಬೇರೆ ಹಾಕಿದೀಯ."

"ಇದ್ರಲ್ಲಿ ಯಾರು ಅನ್ನ ಬೇಯ್ಸಿದಾರೆ? ತಲೆ ಮೇಲೆ ಹೊತ್ಕೊಂಡ ಹಂಗೆ ಅಂದ್ಕೋ."

"ನಿನ್ನ ತಲೆ ಕಣಕ್ಕ, ನಮ್ಮ ಕಾಲು," ಎಂದಳು ಶ್ಯಾಮಲಮ್ಮ. "ಜೊತೆಗೆ ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ನಾನು ಕಾಲಿಟ್ಟಾಗ್ಲೇ ಒಂದು ಟಪ್ ಅಂದ್ರೆ, ನಿನ್ನ ಬಾಯಿಗೆ ಯಾರು ಉತ್ರ ಕೊಡ್ತಾರೆ?"

ಕುಂಬಾರನ ಕೋಪ ಇಳಿಸಿದ ಮಾತು ಬೀದಿಯ ಹೆಂಗಸರ ಹತ್ತಿರ ನಡೆಯಲಿಲ್ಲ. ಆ ವರ್ಷದ ಸಂಡಿಗೆ ಅಂಗಳದಲ್ಲಿ, ಜಗುಲಿಯಲ್ಲಿ, ಕೋಳಿಗೆ ಹೆದರಿಕೊಂಡು, ಹಳೇ ಸೀರೆಗಳ ಮೇಲೆ ಒಣಗಿತು. ರಾಮಲಕ್ಷ್ಮಮ್ಮ ತಮ್ಮೊಬ್ಬರ ಸಂಡಿಗೆಯನ್ನು ಆ ಬಿಳಿ ಹರವಿನ ನಡುವೆ ಒಂದೇ ಸೀರೆ ಹಾಸಿ ಒಣಗಿಸಿದರು. ಮೊದಲು ಜಾಗಕ್ಕೆ ಜಗಳವಾಡಿದವರು ಈಗ ಕೆಳಗಿನಿಂದ ಕತ್ತೆತ್ತಿ ನೋಡಿ ಹೋಗುತ್ತಿದ್ದರು. ಬಾಯಿ ಜೋರಿನ ಆಕೆ ಆ ದಿನಗಳಲ್ಲಿ ಯಾರೊಂದಿಗೂ ಜಗಳವಾಡಲಿಲ್ಲ. ಹರಿತಾಳಿಗೆ ಅದೇ ಭಯವಾಯಿತು.

ರಮೇಶ್‌ಬಾಬು ಅನ್ಯಾಯದ ಮಾತು ಆಡುವವನಲ್ಲ. ಹಾಲಿನ ಗೋಡೆಯ ಥರ್ಮಾಮೀಟರ್ ನೋಡಿ, "ಹೊರಗೆ ಬೆಂಕಿ ಸುರೀತಾ ಇದೆ, ಒಳಗೆ ಹುಳ ಆರಾಮಾಗಿ ಮೇಯ್ತಾ ಇವೆ. ಒಂದು ಗೆದ್ದೆ ಕಣಮ್ಮ," ಎಂದು ಒಪ್ಪಿಕೊಂಡ. ಆಮೇಲೆ ಮೆಲ್ಲಗೆ ಸೇರಿಸಿದ. "ಆದ್ರೆ ಯಾರೂ ಹತ್ತದ ತಾರಸಿ ಇಟ್ಕೊಂಡು ಏನ್ಮಾಡ್ತೀಯ? ಶೀಟು ಹಾಕ್ಸಿದ್ರೆ ಸೊಪ್ಪು ತುಂಬ್ಕೊಳ್ಳೋಕಾದ್ರೂ ಆಗುತ್ತೆ. ಗೂಡು ಬಿಡಿಸಿದ ಮೇಲೆ ಶೀಟಿನವ್ರನ್ನ ಬರೋಕೆ ಹೇಳ್ತೀನಿ."

ಆಕೆ ತಮ್ಮ ಒಂಟಿ ಸೀರೆ ಮಡಚಿ ತರಲು ಮೆಟ್ಟಿಲು ಹತ್ತಿದರು. ಕರಾರು ಕರಾರೇ.

ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ಊರಿನಲ್ಲಿ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಸೋನೆಮಳೆಯ ಹಾಗೆ ಹಾಲಿನ ತುಂಬ ಕೇಳುತ್ತಿತ್ತು. ಹೋದ ವರ್ಷ ಇದೇ ಹೊತ್ತಿಗೆ ಆ ಸದ್ದು ನಿಂತುಹೋಗಿತ್ತು. ಹರಿತಾ ಸೊಪ್ಪು ಹಾಕುತ್ತ ಹಾಕುತ್ತ ಒಮ್ಮೊಮ್ಮೆ ಸುಮ್ಮನೆ ನಿಂತು ಕೇಳುತ್ತಿದ್ದಳು.

ಸಾಮಾನ್ಯವಾಗಿ ಹುಳ ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಇವತ್ತಿಷ್ಟು, ನಾಳೆಯಿಷ್ಟು, ನಾಡಿದ್ದಿಷ್ಟು. ಹಣ್ಣಾದ ಹುಳವನ್ನು ಆಯ್ದು, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಅಗಲವಾದ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಈ ಸಲ ಹಗಲೂ ರಾತ್ರಿಯೂ ಒಂದೇ ಹದದಲ್ಲಿ ಬೆಳೆದ ಹುಳಗಳು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಇದ್ದಕ್ಕಿದ್ದಂತೆ ಎಲ್ಲವೂ ಹಣ್ಣಾಗಿ ಹೊಂಬಣ್ಣಕ್ಕೆ ತಿರುಗಿ ತಲೆಯೆತ್ತಿದವು. ಹರಿತಾ ಬಾಗಿಲಿಗೆ ಓಡಿಬಂದು ಕೂಗಿದಳು.

"ಅತ್ತೇ, ಎಲ್ಲಾ ಹಣ್ಣಾಗಿವೆ! ಎಲ್ಲಾ!"

ಆ ಬೀದಿಯಲ್ಲಿ ಜಗಳವಿರಲಿ, ಮುನಿಸಿರಲಿ, ಹುಳ ಹಣ್ಣಾಯಿತು ಎಂಬ ಕೂಗು ಬಿದ್ದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಇವತ್ತು ನಿಮ್ಮದು, ನಾಳೆ ನಮ್ಮದು. ಶ್ಯಾಮಲಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಂದಳು. ಅವಳ ಹಿಂದೆ ಬೀದಿಗೆ ಬೀದಿಯೇ ಬಂತು. ಹುಳದ ಮನೆಯ ನಿಯಮದಂತೆ ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ, ಒಳಗೆ ನುಗ್ಗಿ ಹುಳ ಆಯತೊಡಗಿದರು.

ತುಂಬಿದ ಚಂದ್ರಿಕೆಗಳಿಂದ ಜಗುಲಿ ತುಂಬಿತು. ಅಂಗಳದ ಬೇವಿನ ನೆರಳು ತುಂಬಿತು. ತಟ್ಟೆಗಳಲ್ಲಿ ಇನ್ನೂ ಅರ್ಧದಷ್ಟು ಹುಳ ಉಳಿದಿತ್ತು. ಮಂದ ಬೆಳಕು, ಒಳ್ಳೆ ಗಾಳಿ ಇಲ್ಲದೆ ಗೂಡು ಸರಿಯಾಗಿ ಕಟ್ಟುವುದಿಲ್ಲ. ರಮೇಶ್‌ಬಾಬು ತಾಯಿಯ ಕಡೆ ತಿರುಗಿದ.

"ಎಲ್ಲಿಡೋದಮ್ಮ?"

"ಮೇಲೆ," ಎಂದರು ರಾಮಲಕ್ಷ್ಮಮ್ಮ. "ಟೊಮ್ಯಾಟೊ ಸಸಿಗೆ ಕಟ್ಟಿದ್ದ ಹಸಿರು ನೆಟ್ ಬಿಚ್ಕೊಂಡು ಬಾ. ಆ ತುದೀಲಿ ಎಳೆದು ಕಟ್ಟು."

"ಈ ಬಿಸಿಲಲ್ಲಿ ತಾರಸಿ ಮೇಲಾ? ಕಾವಿಗೆ ಹುಳ ಬೆಂದುಹೋಗ್ತವೆ!"

"ನಿನ್ನ ಹಳೇ ತಾರಸಿ ಕಣೋ ಬೇಯ್ಸೋದು. ಇದು ನನ್ದು. ನಡಿ."

ವಾದಕ್ಕೆ ಹೊತ್ತಿರಲಿಲ್ಲ. ಅವನು ನೆಟ್ ತಂದು ತುದಿಯಲ್ಲಿ ಎಳೆದು ಕಟ್ಟಿದ. ರಾಮಲಕ್ಷ್ಮಮ್ಮ ಮೊದಲ ಚಂದ್ರಿಕೆಯ ಒಂದು ಅಂಚು ಹಿಡಿದರು, ಇನ್ನೊಂದು ಅಂಚು ಹಿಡಿದದ್ದು ಶ್ಯಾಮಲಮ್ಮ. ಹಿಡಿದದ್ದು ಯಾರೆಂದು ನೋಡಿಕೊಳ್ಳುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ಮೆಟ್ಟಿಲು ಹತ್ತಿ, ಉರಿಬಿಸಿಲಿನಲ್ಲಿ ಬಿಳಿ ತಾರಸಿಯ ಉದ್ದಕ್ಕೂ ಕಣ್ಣು ಕಿರಿದು ಮಾಡಿಕೊಂಡು ನಡೆದು, ನೆರಳಲ್ಲಿ ಒರಗಿಸಿಟ್ಟು, ಮತ್ತೆ ಓಡಿದರು. ಅವರ ಹಿಂದೆ ಇನ್ನೊಂದು ಜೋಡಿ, ಅದರ ಹಿಂದೆ ಮತ್ತೊಂದು. ಹೋಗುವವರು, ಬರುವವರು, "ದಾರಿ ಬಿಡ್ರೇ", "ವಾಲಿಸ್ಬೇಡ ಕಣೇ, ಹುಳ ಉದುರ್ತವೆ", ಇಷ್ಟೇ ಮಾತು. ಗಡಿಗೆ ಯಾರ ನೆನಪಿಗೂ ಬರಲಿಲ್ಲ. ಕೊನೆಯ ಚಂದ್ರಿಕೆ ಮೇಲೆ ಬಂದಾಗ ಬಿಸಿಲು ಇನ್ನೂ ಚುರುಕಾಗಿಯೇ ಇತ್ತು.

ಸುಸ್ತಾದ ಹೆಂಗಸರು ಕೆಳಗಿಳಿಯಲೂ ಬೇಸರವಾಗಿ ನೀರಿನ ಟ್ಯಾಂಕಿನ ಪಕ್ಕ ಬರಿನೆಲದ ಮೇಲೆಯೇ ಕಾಲು ಚಾಚಿ ಕೂತರು. ಹರಿತಾ ಮಜ್ಜಿಗೆ ತಂದು ಹಂಚಿದಳು. ಶ್ಯಾಮಲಮ್ಮ ಮಾತ್ರ ಬಿಸಿಲಲ್ಲಿ ನಿಂತೇ, ಸೊಂಟದ ಮೇಲೆ ಕೈಯಿಟ್ಟು, ಯಾವ ಚಂದ್ರಿಕೆ ಯಾವ ಕಡೆಗೆ ಒರಗಬೇಕು ಎಂದು ರಮೇಶ್‌ಬಾಬುವಿಗೆ ಪಾಠ ಹೇಳುತ್ತಿದ್ದಳು. ರಾಮಲಕ್ಷ್ಮಮ್ಮ ಅವಳ ಮುಖ ನೋಡಲಿಲ್ಲ, ಪಾದ ನೋಡಿದರು. ಆಮೇಲೆ ಒಬ್ಬೊಬ್ಬರ ಪಾದವನ್ನೂ ನೋಡುತ್ತ ಬಂದರು.

"ಶ್ಯಾಮಲಾ, ನಿನ್ನ ಚಪ್ಪಲಿ ಎಲ್ಲೇ?"

"ಕೆಳಗೆ, ಹುಳದ ಮನೆ ಬಾಗ್ಲಲ್ಲಿ. ಯಾಕಕ್ಕ?"

ಕೇಳಿದ ಮೇಲೆಯೇ ಅವಳಿಗೆ ಹೊಳೆದದ್ದು. ಬಗ್ಗಿ ತನ್ನ ಬರಿಗಾಲು ನೋಡಿಕೊಂಡಳು. ಸುತ್ತ ಕೂತವರೆಲ್ಲ ತಂತಮ್ಮ ಕಾಲು ನೋಡಿಕೊಂಡರು. ಮೇಲೂರಿನ ಏಪ್ರಿಲ್ ಬಿಸಿಲಿನಲ್ಲಿ, ಅದೂ ನಡುಮಧ್ಯಾಹ್ನ, ಬರಿಗಾಲಲ್ಲಿ ಯಾವ ತಾರಸಿಯ ಮೇಲೂ ಯಾರೂ ನಿಂತವರಿಲ್ಲ. ಹೆಜ್ಜೆ ಊರುವ ಮುಂಚೆಯೇ ಅಯ್ಯೋ ಎನ್ನಬೇಕು. ಶ್ಯಾಮಲಮ್ಮ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಅಂಗೈ ಒತ್ತಿದಳು. ಒತ್ತಿದ ಕೈಯನ್ನು ತೆಗೆಯಲಿಲ್ಲ.

"ಸುಡ್ತಾನೇ ಇಲ್ಲ ಕಣಕ್ಕ," ಎಂದಳು. ಆಮೇಲೆ, ಸೋಲೊಪ್ಪುವ ದನಿಯಲ್ಲಲ್ಲ, ಅಚ್ಚರಿಯಲ್ಲಿ, "ಇಷ್ಟು ಜನ ಕುಣಿದಾಡಿದ್ವಿ, ಒಂದು ಗಡಿಗೇನೂ ಟಪ್ ಅನ್ಲಿಲ್ವಲ್ಲೇ," ಎಂದಳು.

ಈ ಗಳಿಗೆಗೆಂದೇ ರಾಮಲಕ್ಷ್ಮಮ್ಮ ಎಷ್ಟೋ ಮಾತುಗಳನ್ನು ಮಸೆದು ಇಟ್ಟುಕೊಂಡಿದ್ದರು. ಈಗ ಒಂದೂ ಬೇಕಾಗಲಿಲ್ಲ. ತಮ್ಮ ಮನೆಯ ಮೇಲೆ ಬೀದಿಯ ಹೆಂಗಸರೆಲ್ಲ ಕಾಲು ಚಾಚಿ ಕೂತಿದ್ದಾರೆ, ಕೆಳಗೆ ಹುಳದ ಮನೆ ತಣ್ಣಗಿದೆ, ಸತ್ತ ಹುಳವನ್ನು ಮಂಕರಿಯಲ್ಲಿ ಹೊತ್ತಿದ್ದ ಮಗ ಇವತ್ತು ಚಂದ್ರಿಕೆಗೆ ಜಾಗ ಸಾಲದೆ ಪರದಾಡಿದ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಸಿಲಿನ ಝಳ ಎಂದು ಸುಳ್ಳು ಹೇಳಿದರು.

ಅಷ್ಟರಲ್ಲಿ ರಮೇಶ್‌ಬಾಬು ಜೇಬಿನಿಂದ ಫೋನು ತೆಗೆದಿದ್ದ. ಎಲ್ಲರಿಗೂ ಕೇಳಿಸಲಿ ಎಂದೋ ಏನೋ, ತಾರಸಿಯ ನಟ್ಟನಡುವೆ ಬಂದು ನಿಂತು ಗಟ್ಟಿಯಾಗಿ ಮಾತಾಡಿದ.

"ಅಣ್ಣ, ಮೇಲೂರಿಂದ ರಮೇಶ್‌ಬಾಬು. ಶೀಟು ಬೇಡ. ಇಲ್ಲಣ್ಣ, ಬೇರೆ ಅಂಗಡಿಗೆ ಹೋಗಿಲ್ಲ. ನಮ್ಮಮ್ಮ ತಾರಸಿ ಮಾಡ್ಸಿದಾರೆ. ನಂಬಿಕೆ ಬರ್ದಿದ್ರೆ ಬಂದು ನೋಡಿ, ನೆತ್ತಿ ಸುಡೋ ಹೊತ್ತಲ್ಲೇ ಬನ್ನಿ. ಆದ್ರೆ ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು."